ಮುಳ್ಳಿಗಂಜದ ಕಾಲು, ಹೊಸ್ತಿಲಿಗಂಜುವ ಮನ

ಧೈರ್ಯವೆಂದರೆ ಏನೆಂದು ಯಾರಾದರೂ ಕೇಳಿದರೆ ಚಳ್ಳಕೆರೆ ಸೀಮೆಯವರು ಕ್ಯಾತಪ್ಪನ ಪರಿಷೆಯತ್ತ ಕೈ ತೋರಿಸಬಹುದು. ಪುರ್ಲಹಳ್ಳಿಯ ಬಳಿ ನಡೆಯುವ ಈ ಪರಿಷೆಯಲ್ಲಿ ಬಾರೆಮುಳ್ಳನ್ನು ಒಟ್ಟಿ ಎತ್ತರವಾದ ಗುಡಿ ಕಟ್ಟುತ್ತಾರೆ. ಅದರ ತುದಿಯಲ್ಲೊಂದು ಕಳಸ. ಕಾಡುಗೊಲ್ಲರ ತರುಣರು ಬರಿಗಾಲಿನಲ್ಲಿ, ಬರಿಮೈಯಲ್ಲಿ ಆ ಮುಳ್ಳಿನ ಮೇಲೆ ನುಗ್ಗಿ ಹತ್ತಿ ಕಳಸ ಕೀಳುತ್ತಾರೆ. ನೋಡುವವರ ಮೈ ಜುಮ್ಮೆನ್ನುತ್ತದೆ; ಹತ್ತುವವರ ಮುಖದಲ್ಲಿ ಅಂಜಿಕೆಯ ಗೆರೆಯೂ ಕಾಣದು. ಕಾಡು ಮೇಡು ಅಲೆದು, ಕತ್ತಲೆಯಲ್ಲಿ ತೋಳವನ್ನು ಅಟ್ಟಿ, ಮಂದೆ ಕಾಯ್ದ ಜನ ಅವರು. ಹೆದರಿಕೆ ಎಂಬ ಮಾತು ಅವರಿಗೆ ಸಲ್ಲದು ಎಂದೇ ಯಾರಿಗಾದರೂ ಅನಿಸೀತು.

ಆದರೆ ಮುಳ್ಳಿಗೆ ಹೆದರದ ಅದೇ ಜನ ತಮ್ಮ ಮನೆಯ ಹೊಸ್ತಿಲ ಮುಂದೆ ಬಂದಾಗ ನಡುಗಿದ್ದುಂಟು. ಮನೆಯ ಹೆಣ್ಣುಮಗಳು ಮುಟ್ಟಾದರೆ ಮೂರರಿಂದ ಐದು ದಿನ ಹಟ್ಟಿಯ ಹೊರಗಿರಬೇಕು. ಹೆತ್ತವಳು ಹಸುಗೂಸಿನೊಡನೆ ವಾರಗಟ್ಟಲೆ, ಕೆಲವು ಕಡೆ ತಿಂಗಳು ಮೀರಿಯೂ, ಹೊರಗಿನ ಗುಡ್ಲಿನಲ್ಲಿ ಕಾಲ ಹಾಕಬೇಕು. ಮಳೆ, ಚಳಿ, ಹಾವು, ಚೇಳು ಯಾವುದಕ್ಕೂ ರಿಯಾಯಿತಿಯಿಲ್ಲ. ಹಲವು ಹಟ್ಟಿಗಳು ಇದನ್ನು ಸಡಿಲಿಸಿವೆ, ಕೆಲವು ಬಿಟ್ಟೇ ಬಿಟ್ಟಿವೆ. ಆದರೂ ಚಿತ್ರದುರ್ಗ, ತುಮಕೂರು ಜಿಲ್ಲೆಗಳಲ್ಲಿ ಇದು ಇನ್ನೂ ಪೂರ್ತಿ ಹೋಗಿಲ್ಲ.

ಇದನ್ನು ಬರೀ ಕ್ರೌರ್ಯವೆಂದು ಬೈದರೆ ವಿಷಯ ಅರ್ಥವಾಗುವುದಿಲ್ಲ. ಮಗಳನ್ನು ಹೊರಗೆ ಕಳಿಸುವ ತಾಯಿಗೆ ಮಗಳ ಮೇಲೆ ಪ್ರೀತಿ ಇಲ್ಲವೆಂದಲ್ಲ. ಹಟ್ಟಿಯೆಂದರೆ ದೇವರಿರುವ ಜಾಗ. ಜುಂಜಪ್ಪ, ಎತ್ತಪ್ಪರಂಥ ವೀರರು ಕಾಯುವ ನೆಲ. ಸೂತಕ ತಾಗಿದರೆ ದೇವರು ಮುನಿದಾನು, ಕುರಿಗೆ ರೋಗ ಬಂದೀತು, ದೇವರ ಎತ್ತುಗಳಿಗೆ ಕೇಡಾದೀತು ಎಂಬ ಭಯ ಅವಳದು. ತನಗೆ ಏನಾದರೂ ಆಗಲಿ ಎಂದು ಮುನ್ನುಗ್ಗುವ ಧೈರ್ಯ ಹಲವರಿಗೆ ಇರುತ್ತದೆ. ತನ್ನಿಂದ ಇನ್ನೊಬ್ಬರಿಗೆ ಕೇಡಾದರೆ ಎಂಬ ಭಯದ ಮುಂದೆ ಅಂಥವರೂ ಸೋಲುತ್ತಾರೆ. ಮುಳ್ಳು ಚುಚ್ಚುವುದು ಹತ್ತಿದವನ ಕಾಲಿಗೆ ಮಾತ್ರ. ಸೂತಕ ಇಡೀ ಹಟ್ಟಿಯನ್ನೇ ಚುಚ್ಚುತ್ತದೆಂದು ನಂಬಿದಾಗ ಮುಳ್ಳು ಹತ್ತುವ ಧೈರ್ಯ ಅಲ್ಲಿ ಕೆಲಸಕ್ಕೆ ಬರುವುದಿಲ್ಲ.

ಈ ಭಯ ಹಟ್ಟಿಯಲ್ಲೇ ಹುಟ್ಟಿದ್ದೂ ಅಲ್ಲ. ಸುಮಾರು ಎರಡು ಸಾವಿರ ವರ್ಷಗಳ ಹಿಂದೆ ರೋಮಿನ ಪಂಡಿತ ಪ್ಲಿನಿ, ಮುಟ್ಟಾದ ಹೆಂಗಸು ಸೋಕಿದರೆ ದ್ರಾಕ್ಷಾರಸ ಹುಳಿಯಾಗುತ್ತದೆ, ಪೈರು ಒಣಗುತ್ತದೆ ಎಂದು ಬರೆದಿಟ್ಟ. ಅಷ್ಟೇಕೆ, 1920ರಲ್ಲಿ ವಿಯೆನ್ನಾದ ಹೆಸರಾಂತ ವೈದ್ಯ ಬೇಲಾ ಶಿಕ್, ಮುಟ್ಟಾದ ಕೆಲಸದಾಕೆ ಹಿಡಿದ ಹೂಗಳು ಬೇಗ ಬಾಡಿದವೆಂದು ಹೇಳಿ, ಮುಟ್ಟಿನ ವಿಷವೊಂದು ಇರಬೇಕೆಂದು ಪ್ರಕಟಿಸಿದ. ಮುಂದಿನ ದಶಕಗಳಲ್ಲಿ ಹಲವರು ಹುಡುಕಿದರೂ ಅಂಥ ವಿಷ ನಿಲ್ಲುವಂತೆ ಸಾಬೀತಾಗಲಿಲ್ಲ. ಗರ್ಭ ನಿಲ್ಲದ ತಿಂಗಳು ಗರ್ಭಕೋಶದ ಒಳಪದರ ಕಳಚಿ ರಕ್ತದೊಡನೆ ಹೊರಬರುತ್ತದೆ, ಅಷ್ಟೆ. ಗರ್ಭ ನಿಂತರೆ ಮಗುವಿಗೆ ಹಾಸಿಗೆಯಾಗುವುದೂ ಆ ಪದರವೇ. ಮಗುವಿಗೆ ಹಾಸಿಗೆಯಾಗಬೇಕಾದದ್ದು ಮನೆಗೆ ಮೈಲಿಗೆಯಾಗುವುದು ಹೇಗೆ? ಈ ಪ್ರಶ್ನೆಗೆ ಪ್ಲಿನಿಯಲ್ಲೂ ಉತ್ತರವಿರಲಿಲ್ಲ, ವಿಯೆನ್ನಾದಲ್ಲೂ ಇರಲಿಲ್ಲ.

ವಿದ್ಯೆ ಚಳ್ಳಕೆರೆ ಸೀಮೆಗೆ ದೂರದ್ದೇನೂ ಅಲ್ಲ. ಬಳ್ಳಾರಿ ರಸ್ತೆಯ ತಳಕು, ಮೈಸೂರು ವಿಶ್ವವಿದ್ಯಾನಿಲಯದ ಮೊದಲ ಕನ್ನಡ ಪ್ರಾಧ್ಯಾಪಕರಾದ ಟಿ.ಎಸ್. ವೆಂಕಣ್ಣಯ್ಯನವರ ಊರು. ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಅಕ್ಷರ ಕಲಿಯದೆಯೂ ಸಾವಿರಾರು ಹಾಡುಗಳನ್ನು ನೆನಪಿನಲ್ಲಿಟ್ಟುಕೊಂಡಿದ್ದರು. ಉಳ್ಳಾರ್ತಿ ಕಾವಲಿನಲ್ಲಿ ಇಸ್ರೊ ಚಂದ್ರನ ಕುಳಿಗಳನ್ನು ಹೋಲುವ ಗುಂಡಿಗಳನ್ನು ತೋಡಿಸಿ ಚಂದ್ರಯಾನದ ಲ್ಯಾಂಡರಿನ ಉಪಕರಣಗಳನ್ನು ಪರೀಕ್ಷಿಸಿತು. 2024ರಲ್ಲಿ 'ಪುಷ್ಪಕ್' ವಿಮಾನ ತಾನೇ ತಾನಾಗಿ ಬಂದಿಳಿದದ್ದೂ ಚಳ್ಳಕೆರೆಯ ಪರೀಕ್ಷಾ ವಲಯದಲ್ಲೇ. ಚಂದ್ರಯಾನ-3 ಚಂದ್ರನ ಮೇಲಿಳಿದದ್ದು 2023ರ ಆಗಸ್ಟ್ 23ರಂದು. ಅದಕ್ಕೂ ಹಿಂದಿನ ತಿಂಗಳು, ತುಮಕೂರಿನ ಹತ್ತಿರದ ಗೊಲ್ಲರಹಟ್ಟಿಯೊಂದರ ಹೊರಗೆ, ಮಳೆ ಚಳಿಯಲ್ಲಿ ತಾಯಿಯೊಡನೆ ಗುಡ್ಲಿನಲ್ಲಿದ್ದ ಹಸುಗೂಸೊಂದು ಪ್ರಾಣ ಬಿಟ್ಟಿತು.

ನವಜಾತ ಶಿಶುವಿನ ತೂಕಕ್ಕೆ ಹೋಲಿಸಿದರೆ ಅದರ ಚರ್ಮದ ವಿಸ್ತಾರ ದೊಡ್ಡದು. ಆದ್ದರಿಂದ ಮೈಯ ಶಾಖ ಬೇಗ ಸೋರಿಹೋಗುತ್ತದೆ. ದೊಡ್ಡವರಂತೆ ನಡುಗಿ ಬೆಚ್ಚಗಾಗುವ ಶಕ್ತಿಯೂ ಅದಕ್ಕಿಲ್ಲ. ತೂಕ ಕಡಿಮೆಯಿರುವ ಕೂಸಿಗಂತೂ ಬೆಚ್ಚನೆಯ ಕೋಣೆ, ತಾಯಿಯ ಎದೆಯ ಕಾವು ಎರಡೂ ಔಷಧಿಯಷ್ಟೇ ಮುಖ್ಯ. ದೇವರ ಮುನಿಸಿಗೆ ಹೆದರಿ ಕೂಸನ್ನು ಹೊರಗಿಟ್ಟವರು ಚಳಿಗೆ ಹೆದರಬೇಕಿತ್ತು. ಇಲ್ಲದ ಅಪಾಯಕ್ಕೆ ಅಂಜುತ್ತ ಕೂತವನಿಗೆ ಎದುರಿಗಿರುವ ನಿಜವಾದ ಅಪಾಯ ಕಾಣಿಸುವುದಿಲ್ಲ. ಹಗ್ಗವನ್ನು ಹಾವೆಂದು ಬೆಚ್ಚಿ ಓಡುವವನು ನಿಜವಾದ ಹಾವನ್ನೇ ತುಳಿದುಬಿಡಬಹುದು.

ಇಷ್ಟೆಲ್ಲ ತಿಳಿದರೂ ಭಯ ಏಕೆ ಹೋಗುವುದಿಲ್ಲ? ಭಯ ತನ್ನ ಲೆಕ್ಕವನ್ನು ಬಹಳ ಜಾಣತನದಿಂದ ಬರೆದಿಡುತ್ತದೆ. ಕಟ್ಟಳೆ ನಡೆಸಿದ ವರ್ಷ ಕುರಿ ಸೊಂಪಾಗಿದ್ದರೆ ಅದು ಕಟ್ಟಳೆಯ ಪುಣ್ಯ. ಕಟ್ಟಳೆ ನಡೆಸಿಯೂ ಕುರಿ ಸತ್ತರೆ ಎಲ್ಲೋ ಯಾರೋ ತಪ್ಪಿರಬೇಕು. ಮುರಿದ ಮನೆಯಲ್ಲಿ ಒಬ್ಬರಿಗೆ ಜ್ವರ ಬಂದರೂ ಸಾಕು, ನೋಡಿದಿರಾ ಎಂದು ಹತ್ತು ಬಾಯಿ ಏಳುತ್ತವೆ. ಮುರಿದೂ ಏನೂ ಆಗದ ಮನೆಯ ಸುದ್ದಿ ಮಾತ್ರ ಯಾರ ಬಾಯಲ್ಲೂ ಇರುವುದಿಲ್ಲ. ಮಳೆ ಕೈಕೊಟ್ಟ ವರ್ಷಗಳಲ್ಲಿ ಕಟ್ಟಳೆ ಪಾಲಿಸಿದ ಹಟ್ಟಿಗೂ ಪಾಲಿಸದ ಊರಿಗೂ ಬರ ಒಂದೇ ಸಮನೆ ಬಂದಿದೆ. ಲೆಕ್ಕದ ಪುಸ್ತಕದಲ್ಲಿ ಒಂದು ಕಡೆಯನ್ನು ಮಾತ್ರ ಬರೆಯುತ್ತ ಹೋದರೆ ಯಾವ ಅಂಗಡಿಯ ಲಾಭನಷ್ಟವೂ ತಿಳಿಯದು.

ಹಾಸ್ಟೆಲಿನಲ್ಲಿ ಓದುವ ಹಟ್ಟಿಯ ಹುಡುಗಿಯರ ಬಾಳಿನಲ್ಲಿ ಈ ಲೆಕ್ಕದ ಇನ್ನೊಂದು ಕಡೆ ಆಗಲೇ ಬರೆದಾಗಿದೆ. ಚಿತ್ರದುರ್ಗದಲ್ಲೋ ಬೆಂಗಳೂರಿನಲ್ಲೋ ತಿಂಗಳು ತಿಂಗಳೂ ಎಲ್ಲರ ಜೊತೆ ಒಂದೇ ಕೋಣೆಯಲ್ಲಿ ಮಲಗುತ್ತಾಳೆ, ಉಣ್ಣುತ್ತಾಳೆ, ಪರೀಕ್ಷೆ ಬರೆಯುತ್ತಾಳೆ. ರಜಕ್ಕೆ ಊರಿಗೆ ಬಂದೊಡನೆ ಹೊರಗೆ. "ಅಲ್ಲಿ ಒಳಗೇ ಇದ್ನಲ್ಲವ್ವಾ, ಏನಾತು?" ಎಂದು ಮಗಳು ಕೇಳಿದರೆ, "ಅಲ್ಲಿ ದ್ಯಾವ್ರು ಇಲ್ಲ ಕಣವ್ವ, ಇಲ್ಲಿ ಐತೆ" ಎಂಬ ಉತ್ತರ ಸಿದ್ಧವಿರುತ್ತದೆ. ಹಾಸ್ಟೆಲಿನಲ್ಲಿ ಮಗಳನ್ನು ಕಾಯುವ ದೇವರು ಹಟ್ಟಿಯಲ್ಲಿ ಮಾತ್ರ ಮುನಿಯುತ್ತಾನೆಯೆ ಎಂದು ಆ ತಾಯಿಯೂ ಒಳಗೊಳಗೇ ಯೋಚಿಸದೆ ಇರಲಾರಳು. ಆದರೆ ಯೋಚನೆ ಒಂದು, ಎದೆಯ ಡವಡವ ಇನ್ನೊಂದು.

ಈ ಡವಡವವನ್ನು ಕಳೆಯುವ ದಾರಿಯನ್ನು 1924ರಲ್ಲಿ ಅಮೆರಿಕದ ಮೇರಿ ಕವರ್ ಜೋನ್ಸ್ ಎಂಬ ಮನಶ್ಶಾಸ್ತ್ರಜ್ಞೆ ಒಬ್ಬ ಪುಟ್ಟ ಹುಡುಗನಲ್ಲಿ ತೋರಿಸಿಕೊಟ್ಟಳು. ಅವನಿಗೆ ಮೊಲ ಕಂಡರೆ ವಿಪರೀತ ಹೆದರಿಕೆ. ಆಕೆ ಅವನಿಗೆ ಉಪದೇಶ ಮಾಡಲಿಲ್ಲ, ಮೊಲವನ್ನು ಮೈಮೇಲೆ ಎಸೆಯಲೂ ಇಲ್ಲ. ಅವನು ಇಷ್ಟದ ತಿಂಡಿ ತಿನ್ನುವಾಗ ಮೊಲವನ್ನು ದೂರದಲ್ಲಿಟ್ಟು ದಿನದಿನಕ್ಕೆ ಸ್ವಲ್ಪ ಸ್ವಲ್ಪವೇ ಹತ್ತಿರ ತಂದಳು. ಮೊಲಕ್ಕೆ ಹೆದರದ ಮಕ್ಕಳನ್ನೂ ಅವನ ಜೊತೆ ಆಡಲು ಬಿಟ್ಟಳು. ಕೊನೆಗೆ ಅವನು ಮೊಲವನ್ನು ಮುದ್ದಾಡತೊಡಗಿದ. ಭಯ ಹೋಗುವುದು ಹೆದರಿದ ವಸ್ತುವಿನ ಹತ್ತಿರ ನಿಂತು, ಏನೂ ಆಗದಿದ್ದುದನ್ನು ಮೈ ತಾನೇ ಕಂಡುಕೊಂಡಾಗ. ಓಡಿದಷ್ಟೂ ಅದು ಬೆಳೆಯುತ್ತದೆ.

ಕಾನೂನು ಬೇಡವೆಂದಲ್ಲ. ಮುಟ್ಟಾದವರನ್ನೂ ಗರ್ಭಿಣಿಯರನ್ನೂ ಬಲವಂತದಿಂದ ದೂರ ಇಡುವುದನ್ನು ಕರ್ನಾಟಕದ 2017ರ ಅಮಾನವೀಯ ದುಷ್ಟ ಪದ್ಧತಿಗಳ ವಿರುದ್ಧದ ಕಾಯ್ದೆ ಅಪರಾಧವೆಂದು ಸಾರಿದೆ. ಅದು 2020ರಲ್ಲಿ ಜಾರಿಗೆ ಬಂತು. ಕಾಯ್ದೆಯ ಬೆಂಬಲವಿದ್ದರೆ ಒಳಗಿರಬೇಕೆನ್ನುವ ಹೆಣ್ಣುಮಗಳಿಗೆ ನೆಲೆ ಸಿಗುತ್ತದೆ. ಆದರೆ ನೇಪಾಳದ 'ಛೌಪದಿ'ಯ ಕಥೆಯನ್ನೂ ಮರೆಯಬಾರದು. ಅಲ್ಲಿನ ಸುಪ್ರೀಂ ಕೋರ್ಟ್ 2005ರಲ್ಲೇ ಅದನ್ನು ನಿಷೇಧಿಸಿತು. 2017ರ ಕಾನೂನು ಮೂರು ತಿಂಗಳ ಸೆರೆಮನೆ, ಮೂರು ಸಾವಿರ ರೂಪಾಯಿ ದಂಡ ಗೊತ್ತುಮಾಡಿತು. ಗುಡ್ಲುಗಳನ್ನು ಕೆಡವಿದ್ದೂ ಆಯಿತು. ಗುಡ್ಲು ಬಿದ್ದ ಮೇಲೂ ಹೊರಗೇ ಮಲಗಿದ ಹೆಂಗಸರಿದ್ದರು. ಗೋಡೆ ಬಿದ್ದರೂ ಭಯ ಬಿದ್ದಿರಲಿಲ್ಲ. ಇತ್ತ ಕೆಲವು ಹಟ್ಟಿಗಳ ಹೊರಗೆ ಸರ್ಕಾರವೇ ಮಹಿಳೆಯರಿಗಾಗಿ ಕಟ್ಟಡ ಕಟ್ಟಿಸಿತು. ಮಳೆಯಿಂದ ರಕ್ಷಣೆಯೇನೋ ಸಿಕ್ಕಿತು. ಜೊತೆಗೆ, ಹೊರಗಿರುವುದೇ ಸರಿ ಎಂಬ ಮಾತಿಗೆ ಸಿಮೆಂಟಿನ ಮುದ್ರೆಯೂ ಬಿತ್ತು.

ಹಾಗಾದರೆ ಮೊದಲ ಹೆಜ್ಜೆ ಯಾರದು? ಸಾಮಾನ್ಯವಾಗಿ ಎಲ್ಲರೂ ಹೆಣ್ಣುಮಗಳತ್ತ ನೋಡುತ್ತಾರೆ. ಏನಾದರೂ ಹೆಚ್ಚುಕಡಿಮೆಯಾದರೆ ಮಾತು ಕೇಳಬೇಕಾದವಳೂ ಅವಳೇ. ಹೊರೆಯನ್ನೂ ಅವಳೇ ಹೊತ್ತು ಧೈರ್ಯವನ್ನೂ ಅವಳೇ ತೋರಿಸಬೇಕೆಂದರೆ ನ್ಯಾಯವಲ್ಲ. ಹಟ್ಟಿಯ ಪೂಜಾರಿ, ಯಜಮಾನ, ಮನೆಯ ಗಂಡಸು "ಒಳಗಿರವ್ವ, ಬಂದದ್ದು ನಾವು ನೋಡ್ಕಂತೀವಿ" ಎಂದರೆ ಅರ್ಧ ಭಯ ಅಲ್ಲೇ ಇಳಿಯುತ್ತದೆ. ಮುಳ್ಳಿನ ಗುಡಿ ಹತ್ತಬಲ್ಲವರಿಗೆ ಈ ಒಂದು ಮಾತು ಭಾರವಾಗಬಾರದು. ಒಂದು ಮನೆ ಒಳಗಿಟ್ಟುಕೊಂಡರೆ ಎರಡನೆಯ ಮನೆಗೆ ಅದು ನೋಡಿದ ಸಂಗತಿಯಾಗುತ್ತದೆ, ಮೂರನೆಯ ಮನೆಗೆ ರೂಢಿ.

ಇದರಿಂದ ದೇವರು ಸಣ್ಣವನಾಗುವುದಿಲ್ಲ, ಹಾಡು ನಿಲ್ಲುವುದಿಲ್ಲ, ಪರಿಷೆ ಕಳೆಗುಂದುವುದಿಲ್ಲ. ಹುಡುಗಿ ತಿಂಗಳಿಗೆ ನಾಲ್ಕು ದಿನ ಶಾಲೆ ತಪ್ಪಿಸುವುದು ನಿಲ್ಲುತ್ತದೆ. ಬಾಣಂತಿ ಕಾಲು ಚಾಚಿ ನಿದ್ದೆ ಮಾಡುತ್ತಾಳೆ. ಸೊಸೆಯನ್ನು ಮಳೆಗೆ ಕಳಿಸಿ ಬಾಗಿಲ ಹಿಂದೆ ನಿಂತು ಸಂಕಟಪಡುವ ಅತ್ತೆಗೂ ಬಿಡುಗಡೆ. ಭಯ ಕಳೆದ ಬದುಕು ಎಂದರೆ ಇಂಥ ಸಣ್ಣ ಸಣ್ಣ ಸುಖಗಳು ಕೈಗೆ ಸಿಗುವುದೇ ತಾನೆ?

ಕೂಸು ಒಳಗೆ ಮಲಗಿದ ಮೊದಲ ರಾತ್ರಿ ಮನೆಯಲ್ಲಿ ಯಾರಿಗೂ ನಿದ್ದೆ ಬಾರದಿರಬಹುದು. ಗಾಳಿಗೆ ಬೇಲಿ ಅಲುಗಿದರೂ ಎದೆ ಹಾರೀತು. ಬೆಳಗಾಗುತ್ತದೆ. ಕುರಿಗಳು ಎಂದಿನಂತೆ ರೊಪ್ಪದಿಂದ ಹೊರಟು ಮೇಯಲು ಹೋಗುತ್ತವೆ. ಲೆಕ್ಕದಲ್ಲಿ ಬರೆದಿಡಬೇಕಾದದ್ದು ಇದನ್ನೇ.