ಕರೆದರೆ ಬರುವ ನಾಯಿ

ಐದು ತಿಂಗಳ ಮರಿಯನ್ನು ಕರೆದರೆ ಕಿವಿ ಹಾರಿಸಿಕೊಂಡು ಓಡಿ ಬರುತ್ತದೆ, ಕಾಲಿಗೆ ತೊಡರುತ್ತದೆ, ಬೇಡವೆಂದರೂ ಅಡುಗೆಮನೆಯವರೆಗೆ ಹಿಂಬಾಲಿಸುತ್ತದೆ. ನಾಯಿ ಮಾತು ಕಲಿತುಬಿಟ್ಟಿತು ಎಂದು ಮನೆಯವರಿಗೆ ಸಮಾಧಾನ. ಎಂಟನೆಯ ತಿಂಗಳಲ್ಲಿ ಅದೇ ನಾಯಿ ಹೆಸರು ಹಿಡಿದು ಕೂಗಿದರೆ ಒಮ್ಮೆ ತಿರುಗಿ ನೋಡುತ್ತದೆ. ಕೇಳಿಸಿದೆ ಎನ್ನುವುದು ಅದರ ಮುಖದಲ್ಲೇ ಗೊತ್ತಾಗುತ್ತದೆ. ಆಮೇಲೆ ಮತ್ತೆ ಪೊದೆಯೊಳಗೆ ಮೂಗು ತೂರಿಸುತ್ತದೆ. ಹೈದರಾಬಾದಿನಂಥ ಊರಿನಲ್ಲಿ ಹೀಗೆ ನೋಡಿಯೂ ಬಾರದಿರುವುದು ಸಣ್ಣ ಸಂಗತಿಯಲ್ಲ. ಗೇಟು ತೆರೆದ ಅರೆನಿಮಿಷದಲ್ಲಿ ನುಸುಳಿ ಹೊರಗೋಡಿದ ನಾಯಿಗೂ ರಸ್ತೆಯ ಆಟೋಗಳಿಗೂ ನಡುವೆ ಉಳಿಯುವುದು ಸಾಕಿದವರ ದನಿಯೊಂದೇ.

ಇದು ಸಾಕಿದವರ ಭ್ರಮೆಯಲ್ಲ. ಲೂಸಿ ಆಶರ್ ಮತ್ತು ಸಂಗಡಿಗರು ಬ್ರಿಟನ್ನಿನಲ್ಲಿ ನಡೆಸಿದ ಅಧ್ಯಯನವೊಂದು 2020ರಲ್ಲಿ 'ಬಯಾಲಜಿ ಲೆಟರ್ಸ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಅಂಧರಿಗೆ ದಾರಿ ತೋರಿಸಲೆಂದು ಬೆಳೆಸುತ್ತಿದ್ದ ಲ್ಯಾಬ್ರಡಾರ್, ಗೋಲ್ಡನ್ ರಿಟ್ರೀವರ್ ಮತ್ತು ಅವುಗಳ ಮಿಶ್ರತಳಿಯ ನಾಯಿಗಳನ್ನು ಐದನೆಯ ತಿಂಗಳಲ್ಲೊಮ್ಮೆ, ಎಂಟನೆಯ ತಿಂಗಳಲ್ಲೊಮ್ಮೆ 'ಕೂರು' ಎಂದು ಹೇಳಿ ಪರೀಕ್ಷಿಸಿದರು. ಎಂಟನೆಯ ತಿಂಗಳಲ್ಲಿ ನಾಯಿಗಳು ಸಾಕಿದವರ ಮಾತನ್ನು ಹೆಚ್ಚು ತಳ್ಳಿಹಾಕಿದವು. ಅಪರಿಚಿತರು ಹೇಳಿದರೆ ಹಾಗೆ ಮಾಡಲಿಲ್ಲ. ಹದಿಹರೆಯದ ಮಕ್ಕಳಿರುವ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನೆಮ್ಮದಿಯ ಮಾತೆಂದರೆ, ವರ್ಷ ತುಂಬುವ ಹೊತ್ತಿಗೆ ಅವು ಬಹುಮಟ್ಟಿಗೆ ಸುಧಾರಿಸಿದ್ದವು. ಕಷ್ಟವಿರುವುದು ಅಲ್ಲಿಯವರೆಗೆ ಕಾಯುವುದರಲ್ಲಿ. ನಾಯಿಗಳನ್ನು ಜನ ಬಿಟ್ಟುಕೊಡುವುದು ಹೆಚ್ಚಾಗಿ ಈ ವಯಸ್ಸಿನಲ್ಲೇ. 'ಇದು ಮಾತು ಕೇಳುವುದಿಲ್ಲ, ಯಾರದಾದರೂ ಫಾರ್ಮ್‌ಹೌಸಿಗೆ ಕೊಟ್ಟುಬಿಡೋಣ' ಎಂಬ ಮಾತು ಫ್ಲ್ಯಾಟುಗಳಲ್ಲಿ ಹುಟ್ಟುವ ಕಾಲ ಅದು.

ಹಾಗಾದರೆ ಕಲಿಸಬೇಕಾದ್ದೇನು? ಮೊದಲು ನೋಡಬೇಕಾದ್ದು ಕರೆಯುವ ಮಾತನ್ನೇ. ನಾಯಿಯನ್ನು ಅಟ್ಟಲು ಕನ್ನಡದಲ್ಲಿ 'ಹಚಾ' ಇದೆ, ಯಾರ ಮೇಲಾದರೂ ಬಿಡಲು 'ಛೂ' ಇದೆ. ಇವೆರಡನ್ನೂ ಮನುಷ್ಯರು ತಮ್ಮತಮ್ಮಲ್ಲಿ ಬಳಸುವುದು ಅಪರೂಪ. ಆದ್ದರಿಂದಲೇ ಯಾರೂ ಪಾಠ ಹೇಳದ ಬೀದಿನಾಯಿಗೂ 'ಹಚಾ' ತಿಳಿಯುತ್ತದೆ. 'ಬಾ' ಹಾಗಲ್ಲ. ಊಟಕ್ಕೆ ಬಾ, ಒಳಗೆ ಬಾ, ಬೇಗ ಬಾ ಎಂದು ದಿನಕ್ಕೆ ನೂರು ಸಲ ಮನೆಯಲ್ಲಿ ಉರುಳುವ ಮಾತು ಅದು. ಸವೆದ ನಾಣ್ಯದಂತೆ ನಾಯಿಯ ಕಿವಿಯಲ್ಲಿ ಅದರ ಮುದ್ರೆ ಅಳಿಸಿಹೋಗಿರುತ್ತದೆ.

ಹೈದರಾಬಾದಿನ ಕನ್ನಡ ಮನೆಗಳಲ್ಲಿ ಈ ತೊಡಕು ಇನ್ನೂ ಹೆಚ್ಚು. 1956ರವರೆಗೆ ಕಲಬುರಗಿ, ಬೀದರ, ರಾಯಚೂರುಗಳಿಗೆ ಹೈದರಾಬಾದೇ ರಾಜಧಾನಿ. ಆ ನಂಟಿನಿಂದ ಕಾಚಿಗೂಡದ ಸುತ್ತ ಬೇರೂರಿದ ಮನೆಗಳಿವೆ. ಈಚೆಗೆ ಕೊಂಡಾಪುರ, ಗಚ್ಚಿಬೌಲಿಗಳಿಗೆ ಕೆಲಸಕ್ಕೆಂದು ಬಂದವರಿದ್ದಾರೆ. ಇಂಥ ಮನೆಯಲ್ಲಿ ಅಜ್ಜಿ 'ಬಾ' ಎನ್ನುತ್ತಾರೆ, ಅಡುಗೆಯಾಕೆ ತೆಲುಗಿನಲ್ಲಿ 'ರಾ' ಎನ್ನುತ್ತಾಳೆ, ವಾಚ್‌ಮನ್ ದಖನಿಯಲ್ಲಿ 'ಇಧರ್ ಆ' ಎನ್ನುತ್ತಾನೆ, ಮಕ್ಕಳು 'ಕಮ್ ಕಮ್' ಎಂದು ಕಿರುಚುತ್ತಾರೆ. ನಾಯಿಗೆ ನಾಲ್ಕು ಭಾಷೆ ಬರುತ್ತದೆಂದು ಎಲ್ಲರಿಗೂ ಹೆಮ್ಮೆ. ಆದರೆ ಯಾವ ಭಾಷೆಯಲ್ಲಿ ಕರೆದರೂ ಅದು ಬರುವುದಿಲ್ಲ.

ಎಲ್ಲರೂ ಒಪ್ಪಿದ ಒಂದೇ ಕರೆಯನ್ನು ಆರಿಸಿಕೊಳ್ಳುವುದು ಇದಕ್ಕೆ ಪರಿಹಾರ. ಬೇರೆ ಯಾವ ಸಂದರ್ಭದಲ್ಲೂ ಬಾಯಿಗೆ ಬಾರದ ಪದವಾದರೆ ಒಳ್ಳೆಯದು, ಪೀಪಿಯಾದರೆ ಇನ್ನೂ ಒಳ್ಳೆಯದು. ಪೀಪಿಗೆ ಭಾಷೆಯಿಲ್ಲ. ಅಜ್ಜಿ ಊದಿದರೂ ಮೊಮ್ಮಗ ಊದಿದರೂ ದನಿ ಒಂದೇ. ಅದರಲ್ಲಿ ಸಿಟ್ಟೂ ಬೆರೆಯುವುದಿಲ್ಲ.

ಸಿಟ್ಟಿನ ಮಾತಿಗೆ ಇಲ್ಲಿ ಮಹತ್ವವಿದೆ. ಕರೆದಾಗಲೆಲ್ಲ ಏನಾಯಿತು ಎಂಬುದರ ಲೆಕ್ಕವನ್ನು ನಾಯಿ ಇಟ್ಟಿರುತ್ತದೆ. ಆಟದ ನಡುವೆ ಕರೆದರು, ಕೊರಳಿಗೆ ಹಗ್ಗ ಬಿತ್ತು, ಮನೆಗೆ ಹೊರಟಾಯಿತು. ಕರೆದರು, ಬಚ್ಚಲಿಗೆ ಎಳೆದೊಯ್ದರು. ಕರೆದರು, ಉಗುರು ಕತ್ತರಿಸಿದರು. ಒಂದು ದಿನ ಹತ್ತು ನಿಮಿಷ ಸತಾಯಿಸಿ ಕೊನೆಗೂ ಬಂದಾಗ ಬೆನ್ನಿಗೆ ಏಟು ಬಿತ್ತು. ಹೊಡೆದವರು ಶಿಕ್ಷೆ ಕೊಟ್ಟದ್ದು ತಡ ಮಾಡಿದ್ದಕ್ಕೆ. ನಾಯಿಗೆ ತಿಳಿದದ್ದು ಬಂದದ್ದಕ್ಕೆ ಏಟು ಬಿತ್ತೆಂದು. ಮಾರನೆಯ ದಿನ ಅದು ನಾಲ್ಕು ಮಾರು ದೂರದಲ್ಲೇ ನಿಂತು ನೋಡುತ್ತದೆ. ಅದನ್ನು ಹಟವೆಂದು ಕರೆಯುವುದು ಸುಲಭ, ಆದರೆ ಅದರ ಲೆಕ್ಕದಲ್ಲಿ ತಪ್ಪೇನಿಲ್ಲ.

ಆದ್ದರಿಂದ ಕರೆ ಒಂದು ಕೊಟ್ಟ ಮಾತಿದ್ದಂತೆ. ಬಂದರೆ ಒಳ್ಳೆಯದಾಗುತ್ತದೆ ಎಂಬ ಆ ಮಾತನ್ನು ಪ್ರತಿ ಸಲವೂ ಉಳಿಸಿಕೊಳ್ಳಬೇಕು. ಬಂದ ಕೂಡಲೇ ಬೇಯಿಸಿದ ಕೋಳಿಯ ಚೂರು, ಮಾಂಸ ತರದ ಮನೆಯಾದರೆ ಪನೀರಿನ ಚೂರು. ಸಾಮಾನ್ಯ ಬಿಸ್ಕತ್ತಿಗೆ ಪೊದೆಯ ವಾಸನೆಯನ್ನು ಗೆಲ್ಲುವ ಶಕ್ತಿಯಿಲ್ಲ. ತಿಂದ ಮೇಲೆ ಬಹುತೇಕ ಸಲ 'ಹೋಗು' ಎಂದು ಮತ್ತೆ ಆಟಕ್ಕೆ ಬಿಡಬೇಕು. ಬಂದರೆ ಆಟ ಮುಗಿಯುವುದಿಲ್ಲ ಎಂಬುದು ತಿನಿಸಿಗಿಂತ ದೊಡ್ಡ ಬಹುಮಾನ. ಸ್ನಾನ, ಔಷಧಿ, ಉಗುರಿನ ಕೆಲಸಕ್ಕೆ ಆ ಕರೆಯನ್ನು ಬಳಸದೆ ತಾವೇ ಎದ್ದು ಹೋಗಿ ನಾಯಿಯನ್ನು ಕರೆತರಬೇಕು.

ಜೊತೆಗೆ, ಬಾರದಿರುವ ಅವಕಾಶವನ್ನೂ ಕೊಡಬಾರದು. ಅದಕ್ಕೇ ಹತ್ತು ಮೀಟರಿನ ಹಗುರ ಹಗ್ಗ. ಅದನ್ನು ಕಟ್ಟುವುದು ಕೊರಳಿಗಲ್ಲ, ಎದೆಪಟ್ಟಿಗೆ. ಓಡುವ ರಭಸಕ್ಕೆ ಹಗ್ಗ ಬಿಗಿದರೆ ಕತ್ತಿಗೆ ಪೆಟ್ಟಾಗಬಾರದು. ಕರೆಯುವುದು ಒಮ್ಮೆ ಮಾತ್ರ. ಮೂರು ಸಲ ಕೂಗಿದರೆ ಮೊದಲೆರಡು ಲೆಕ್ಕಕ್ಕಿಲ್ಲ ಎಂದು ನಾಯಿ ಕಲಿಯುತ್ತದೆ. ಬಾರದಿದ್ದರೆ ಬೆನ್ನಟ್ಟದೆ ಬೆನ್ನು ತಿರುಗಿಸಿ ಓಡಬೇಕು. ಬೆನ್ನಟ್ಟಿದರೆ ಅದು ನಾಯಿಗೆ ಆಟ, ಬಿಟ್ಟು ಓಡಿದರೆ ಹಿಂದೆ ಬರುವುದು ಅದರ ಸ್ವಭಾವ. ಹಜಾರದಿಂದ ತಾರಸಿಗೆ, ತಾರಸಿಯಿಂದ ಬೆಳಗಿನ ಐದೂವರೆಯ ಖಾಲಿ ಓಣಿಗೆ, ಅಲ್ಲಿಂದ ಮಕ್ಕಳು ಆಡುವ ಮೈದಾನದ ಅಂಚಿಗೆ ಒಂದೊಂದೇ ಮೆಟ್ಟಿಲು. ಮೇಲಿನ ಮೆಟ್ಟಿಲಲ್ಲಿ ಸೋತರೆ ಕೆಳಗಿನದಕ್ಕೆ ಇಳಿಯಬೇಕು.

ಬಿಡಲು ಜಾಗವೆಲ್ಲಿ ಎಂಬುದು ಈ ಊರಿನ ಇನ್ನೊಂದು ಪ್ರಶ್ನೆ. ನಗರದ ನಡುವಿನ ಕೆಬಿಆರ್ ಪಾರ್ಕು ರಾಷ್ಟ್ರೀಯ ಉದ್ಯಾನ, ಅಲ್ಲಿಗೆ ನಾಯಿಯನ್ನು ಒಯ್ಯುವಂತಿಲ್ಲ. ಕೊಂಡಾಪುರದಲ್ಲಿ ಮಹಾನಗರ ಪಾಲಿಕೆ 2018ರಲ್ಲಿ ತೆರೆದ ನಾಯಿಗಳ ಉದ್ಯಾನವಿದೆ. ಅಂಥ ಬೇಲಿಯೊಳಗೆ ಹಗ್ಗ ಬಿಚ್ಚಿ ನೋಡಬಹುದು. ಓಣಿಗಳಲ್ಲಿ ಆ ಧೈರ್ಯ ಸಲ್ಲದು. ಒಂದೊಂದು ಓಣಿಗೂ ಒಂದೊಂದು ಬೀದಿನಾಯಿಗಳ ಗುಂಪಿದೆ, ಹೊಸ ನಾಯಿಯನ್ನು ಅದು ಸುಮ್ಮನೆ ಬಿಡುವುದಿಲ್ಲ. ಜನರ ಭಯವನ್ನೂ ಮರೆಯುವಂತಿಲ್ಲ. 2023ರ ಫೆಬ್ರವರಿಯಲ್ಲಿ ಅಂಬರ್‌ಪೇಟೆಯಲ್ಲಿ ನಾಲ್ಕು ವರ್ಷದ ಮಗುವೊಂದು ಬೀದಿನಾಯಿಗಳ ದಾಳಿಗೆ ಬಲಿಯಾಯಿತು. ಆ ಸುದ್ದಿ ಕೇಳಿದ ಊರಿನಲ್ಲಿ, ಆಡಲೆಂದು ಮಗುವಿನತ್ತ ಓಡುವ ಎಂಟು ತಿಂಗಳ ನಾಯಿಯ ಮನಸ್ಸು ಆ ಮಗುವಿನ ತಾಯಿಗೆ ಕಾಣುವುದಿಲ್ಲ. 'ಏನೂ ಮಾಡಲ್ಲಮ್ಮ, ಸಾಧು ನಾಯಿ' ಎಂದು ದೂರದಿಂದ ಕೂಗಿದರೆ ಸಾಲದು. ಒಂದೇ ಕರೆಗೆ ನಾಯಿ ಅರ್ಧದಾರಿಯಿಂದ ಹಿಂತಿರುಗಬೇಕು. ಆ ಭರವಸೆ ಹುಟ್ಟುವವರೆಗೆ ಹಗ್ಗ ಕೈಯಲ್ಲಿರಬೇಕು.

ಎಷ್ಟು ಕಲಿಸಿದರೂ ತಳಿಗೊಂದು ಮಿತಿಯಿದೆ. ಬಾಗಲಕೋಟೆಯ ಮುಧೋಳ ನಾಯಿಯನ್ನು ಪ್ರೀತಿಯಿಂದ ದೂರದೂರಿಗೆ ಒಯ್ಯುವ ಕನ್ನಡಿಗರಿದ್ದಾರೆ. 2005ರಲ್ಲಿ ಅಂಚೆಚೀಟಿಯ ಮೇಲೆ ಬಂದ, 2016ರಲ್ಲಿ ಸೇನೆ ತರಬೇತಿಗೆಂದು ಮೀರತ್‌ಗೆ ಒಯ್ದ ತಳಿ ಅದು. ಆದರೆ ಅದು ಕಣ್ಣಿನಿಂದ ಬೇಟೆಯಾಡುವ ನಾಯಿ. ಬಯಲಿನಲ್ಲಿ ಮೊಲವನ್ನು ಕಂಡು ಓಡುವುದಕ್ಕೆಂದೇ ತಲೆಮಾರುಗಳಿಂದ ಆರಿಸಿ ಬೆಳೆಸಿದ್ದು. ಬೆಕ್ಕೊಂದು ಕಣ್ಣಿಗೆ ಬಿದ್ದು ಕಾಲು ಕಿತ್ತ ಮೇಲೆ ಅದಕ್ಕೆ ಪೀಪಿಯೂ ಕೇಳಿಸದು. ಅಂಥ ನಾಯಿಯನ್ನು ಕರೆಯಬೇಕಾದ್ದು ಓಟಕ್ಕೆ ಮೊದಲು, ಅದು ಕಿವಿ ನಿಮಿರಿಸಿ ಮೈ ಬಿಗಿಹಿಡಿದ ಆ ಒಂದು ಗಳಿಗೆಯಲ್ಲಿ. ಆ ಗಳಿಗೆಯನ್ನು ಗುರುತಿಸಲು ಸಾಕಿದವರು ಫೋನು ಜೇಬಿಗಿಟ್ಟು ನಾಯಿಯನ್ನು ನೋಡುತ್ತಿರಬೇಕು.

ನಾಯಿಬಾಲ ಡೊಂಕು ಎಂಬ ಗಾದೆಯನ್ನು ಈ ವಯಸ್ಸಿನ ನಾಯಿಯ ಬಗ್ಗೆ ಹೇಳುವುದು ವಾಡಿಕೆ. ಆದರೆ ಇಲ್ಲಿ ತಿದ್ದಬೇಕಾದ್ದು ಬಾಲವನ್ನಲ್ಲ. ತಿಂಗಳುಗಟ್ಟಲೆ ದಿನಕ್ಕೆ ಹತ್ತಾರು ಸಲ ಒಂದೇ ಕರೆ ಕೊಟ್ಟು, ಒಮ್ಮೆಯೂ ಮೋಸ ಮಾಡದಿರುವುದನ್ನು ಮನೆಯ ನಾಲ್ಕೈದು ಮಂದಿ ಒಟ್ಟಾಗಿ ಕಲಿಯಬೇಕು. ಒಂದೂವರೆ ವರ್ಷದ ನಾಯಿ ಪೊದೆಯಿಂದ ತಲೆಯೆತ್ತಿ ನೋಡಿದಾಗ, ಬರುವುದೋ ಬೇಡವೋ ಎಂದು ತೀರ್ಮಾನಿಸುವುದು ಆ ದಿನಗಳಲ್ಲಿ ಕೂಡಿಟ್ಟ ನಂಬಿಕೆಯಿಂದಲೇ.