ಜೂನ್ 1ರಂದು ಹುಟ್ಟಿದವರು

ಇಸ್ತಾಂಬುಲ್‌ಗೆ ಹೋದ ನಾವು ನಾಲ್ವರು ಗೆಳೆಯರಲ್ಲಿ ಮೂವರ ಹುಟ್ಟುಹಬ್ಬ ಜೂನ್ 1. ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದುಕೊಂಡ ತಾರೀಖು ಅದು. ಪಾಸ್‌ಪೋರ್ಟಿನಲ್ಲೂ ಅದೇ ಉಳಿಯಿತು. ನಾಲ್ಕನೆಯವನು ಆಸ್ಪತ್ರೆಯಲ್ಲಿ ಹುಟ್ಟಿದವನು, ಅವನಿಗೆ ಗಂಟೆ ನಿಮಿಷವೂ ಗೊತ್ತು.

ನಮ್ಮ ಮನೆಗಳಲ್ಲಿ ಹುಟ್ಟುಹಬ್ಬದ ರೂಢಿ ಇರಲಿಲ್ಲ. ಕೇಕ್ ಕತ್ತರಿಸುವುದು ಸರಿಯೇ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಊಟಕ್ಕೇನೂ ಅಡ್ಡಿಯಿಲ್ಲವಲ್ಲ!

ಬೆಳಿಗ್ಗೆ ಸುಲೈಮಾನಿಯಾ ಮಸೀದಿ ನೋಡಿದೆವು. 1557ರಲ್ಲಿ ಮುಗಿದ ಆ ಭವ್ಯ ಗುಮ್ಮಟವನ್ನು ಎಬ್ಬಿಸಿದ ಸಿನಾನ್ ಪಕ್ಕದಲ್ಲೇ ಒಂದು ಪುಟ್ಟ ಗೋರಿಯಲ್ಲಿ ಮಲಗಿದ್ದಾನೆ. ತೀರಿಕೊಂಡದ್ದು 1588ರಲ್ಲಿ; ಹುಟ್ಟಿದ ದಿನ ಮಾತ್ರ ಯಾರಿಗೂ ಗೊತ್ತಿಲ್ಲ. 'ಇವನೂ ನಮ್ಮವನೇ' ಎಂದು ನಕ್ಕೆವು.

ಮಧ್ಯಾಹ್ನ ಗಲಾಟಾ ಸೇತುವೆಯ ಬಳಿ ಬ್ರೆಡ್ಡಿನೊಳಗೆ ಸುಟ್ಟ ಮೀನು, ಹಸಿ ಈರುಳ್ಳಿ. ಖಾರವೇ ಇಲ್ಲ. ಒಬ್ಬ ಚೀಲದಿಂದ ಊರಿನ ಉಪ್ಪಿನಕಾಯಿ ತೆಗೆದ ಮೇಲೆ ಹಬ್ಬದ ಊಟವಾಯಿತು. ಸಿಹಿ ಅಂಗಡಿಯ ಮುದುಕರಿಗೆ ವಿಷಯ ಗೊತ್ತಾಗಿ ನಾಲ್ಕು ಬಕ್ಲಾವಾ ಹೆಚ್ಚಿಗೆ ಇಟ್ಟರು. ದುಡ್ಡು ಕೊಡಹೋದರೆ 'ಮಿಸಾಫಿರ್' ಎಂದು ಕೈ ಅಡ್ಡ ಹಿಡಿದರು. ನಮ್ಮ ಉರ್ದುವಿನಲ್ಲಿ ಮುಸಾಫಿರ್ ಎಂದರೆ ಪ್ರಯಾಣಿಕ. ಅವರ ತುರ್ಕಿಯಲ್ಲಿ ಅದೇ ಮಾತಿಗೆ ಅತಿಥಿ ಎಂದರ್ಥ.

ಸಂಜೆ ಉಸ್ಕುದಾರ್‌ಗೆ ಹೋಗುವ ದೋಣಿಯಲ್ಲಿ ಚಹ ಕುಡಿಯುವಾಗ ಒಬ್ಬ ಹೇಳಿದ: 'ರಮಝಾನಿನ ಮೂರನೇ ಸಹರಿಯ ಹೊತ್ತಿಗೆ ಹುಟ್ಟಿದೆಯಂತೆ, ಮನೆಯೊಳಗೆಲ್ಲ ಮಳೆನೀರು ಅಂತ ಅಮ್ಮಿ ಹೇಳುತ್ತಿದ್ದಳು.'

'ಯಾವ ವರ್ಷದ ರಮಝಾನ್?'

ಅವನು ಕೇಳಿಟ್ಟುಕೊಂಡಿರಲಿಲ್ಲ. ಅಮ್ಮಿ ಹೋಗಿ ಎರಡು ವರ್ಷವಾಯಿತು.