ಗೋರಿ, ಪೂರಿ, ಲಾರಿ

ಸಾವಿನ ಸುದ್ದಿ ಬರೆಯಲು ನನಗೆ ಏಳು ನಿಮಿಷ ಸಾಕು. ಹೆಸರು, ವಯಸ್ಸು, ಊರು, ಯಾರನ್ನು ಅಗಲಿದ್ದಾರೆ, ಅಂತ್ಯಕ್ರಿಯೆ ಎಲ್ಲಿ. ಸ್ಟ್ರಿಂಗರ್ ಆಗಿರುವ ನಿಮಗೂ ಈ ಅಚ್ಚು ಬಾಯಿಪಾಠ ಇರುತ್ತದೆ. ಅಪ್ಪ ತೀರಿಕೊಂಡ ದಿನವೂ ನಾನೇ ಬರೆದು ಕಳಿಸಿದ್ದು. ಆವತ್ತು ಒಂಬತ್ತು ನಿಮಿಷ ಹಿಡಿಯಿತು. ಮರುದಿನ ಸಿಂಗಲ್ ಕಾಲಂ ಬಂತು, ಇನಿಷಿಯಲ್ ತಪ್ಪಾಗಿ.

ವರ್ಷ ತುಂಬುವ ಹೊತ್ತಿಗೆ ತಂಗಿ ಫೋನ್ ಮಾಡಿದಳು. "ಅಣ್ಣಾ, ಊರಿನವರಿಗೆಲ್ಲ ಬರೀತೀಯ. ಅಪ್ಪಂಗೂ ನಾಲ್ಕು ಸಾಲು ಬರಿ, ಪುಣ್ಯಸ್ಮರಣೆ ಕಾರ್ಡಲ್ಲಿ ಹಾಕ್ಸೋಣ."

ನಾಲ್ಕು ಸಾಲು ತಾನೇ ಅಂತ ಕೂತೆ. ಬಂದದ್ದೆಲ್ಲ ನಡುರಾತ್ರಿ, ಗೂಬೆ, ಆರಿದ ದೀಪ. ಅಪ್ಪ ಹೋಗಿದ್ದು ಬೆಳಗ್ಗೆ ಹನ್ನೊಂದಕ್ಕೆ, ಒಳ್ಳೇ ಬಿಸಿಲಲ್ಲಿ, ಅಂಗಳದಲ್ಲಿ ಶೇಂಗಾ ಒಣಗುತ್ತಿರುವಾಗ. ನನ್ನ ಪದ್ಯದಲ್ಲಿ ಮಾತ್ರ ಇಂಗ್ಲಿಷರ ಹಾಳು ಕೋಟೆ. ಡಿಪ್ಲೊಮಾ ಓದುವಾಗ ಲೈಬ್ರರಿಯಲ್ಲಿ ಗಾಥಿಕ್ ಕಥೆ, ಕವಿತೆಗಳನ್ನು ಅತಿಯಾಗಿ ಓದಿದ್ದರ ಫಲ.

ಬರೆಯಲಾಗದವನು ಮಾಡುವ ಕೆಲಸವನ್ನೇ ನಾನೂ ಮಾಡಿದೆ, ಆಟ ಆಡಿದೆ. ‘ವಯಲೆಟ್’ ಅಂತ ಒಂದು ಅಕ್ಷರದ ಆಟ. ಚಿತ್ರವಿಲ್ಲ, ಸದ್ದಿಲ್ಲ. ನಾವು ಟೈಪ್ ಮಾಡಿದ ಮಾತಿಗೆ ಅದು ಕಥೆಯಲ್ಲಿ ಉತ್ತರ ಕೊಡುತ್ತದೆ. ಜೆರೆಮಿ ಫ್ರೀಸ್ ಎಂಬ ಸಮಾಜಶಾಸ್ತ್ರಜ್ಞ ಬರೆದದ್ದು, 2008ರ ಇಂಟರಾಕ್ಟಿವ್ ಫಿಕ್ಷನ್ ಸ್ಪರ್ಧೆಯಲ್ಲಿ ಗೆದ್ದದ್ದು. ಒಬ್ಬ ಸಂಶೋಧನಾ ವಿದ್ಯಾರ್ಥಿ ಇವತ್ತೇ ಪ್ರಬಂಧದ ಸಾವಿರ ಪದ ಬರೆಯಬೇಕು, ಇಲ್ಲದಿದ್ದರೆ ಪ್ರೇಯಸಿ ಬಿಟ್ಟುಹೋಗುತ್ತಾಳೆ. ಆಟ ಪೂರ್ತಿ ಅವನು ಬರೆಯದೇ ಇರುವುದಕ್ಕೆ ಸಿಗುವ ನೆಪಗಳದ್ದೇ. ಬಿದ್ದು ಬಿದ್ದು ನಕ್ಕೆ. ಎರಡು ರಾತ್ರಿ ಹೋಯಿತು.

ಮೂರನೇ ರಾತ್ರಿ ನಾನೇ ಒಂದು ಆಟ ಕಟ್ಟಲು ಶುರು ಮಾಡಿದೆ. ಟ್ವೈನ್ ಎಂಬ ಉಚಿತ ಸಾಫ್ಟ್‌ವೇರ್ ಇದೆ, 2009ರಿಂದ. ಪ್ರೋಗ್ರಾಮಿಂಗ್ ಬೇಡ. ಎರಡೆರಡು ಚೌಕ ಆವರಣದ ನಡುವೆ ಬರೆದ ಮಾತು ಲಿಂಕ್ ಆಗುತ್ತದೆ, ಒತ್ತಿದರೆ ಮುಂದಿನ ಪುಟ. ಕನ್ನಡವನ್ನೂ ತಕರಾರಿಲ್ಲದೆ ತಿನ್ನುತ್ತದೆ.

ನನ್ನ ಆಟದಲ್ಲಿ ಒಬ್ಬ ಕವಿ. ಅಟ್ಟದ ಬಾಡಿಗೆ ಕೋಣೆ, ನಡುರಾತ್ರಿ, ಮುರಿದ ಕಿಟಕಿ. ಬೆಳಗಾಗುವುದರೊಳಗೆ ನಾಲ್ಕು ಸಾಲಿನ ಗಾಥಿಕ್ ಪದ್ಯ ಬರೆಯಬೇಕು. ಬಾವಲಿ ಬಂತೆಂದು ರೋಮಾಂಚನಗೊಂಡರೆ ಅದು ಮನೆ ಒಡತಿ ಒಣಹಾಕಿದ ಕಾಲುಚೀಲ. ಬಾಗಿಲು ಬಡಿಯುವುದು ಪ್ರೇತವಲ್ಲ, ಮೂರು ತಿಂಗಳ ಬಾಡಿಗೆ. ‘ಗೋರಿ’ಗೆ ಪ್ರಾಸ ಹುಡುಕಿದರೆ ಸಿಗುವುದು ಪೂರಿ, ಇಲ್ಲವೇ ಲಾರಿ. ಪೂರಿ ಒತ್ತಿದರೆ ಹಸಿವಾಗಿ ಕವಿ ಮಲಗುತ್ತಾನೆ. ಲಾರಿ ಒತ್ತಿದರೆ ಪದ್ಯ ತಾನಾಗಿಯೇ ಅಪಘಾತದ ಸುದ್ದಿಯಾಗಿ, ಚಾಲಕನ ವಿರುದ್ಧ ಪ್ರಕರಣ ದಾಖಲಾಗಿ ಮುಗಿಯುತ್ತದೆ. ಇದನ್ನು ಬರೆಯಲು ಕಷ್ಟವೇ ಆಗಲಿಲ್ಲ ನೋಡಿ.

ಹಕ್ಕಿಯ ಪುಟಕ್ಕೆ ಎಡ್ಗರ್ ಅಲನ್ ಪೋನನ್ನು ಮತ್ತೆ ತೆಗೆದೆ. ಅವನ ‘ದಿ ರೇವನ್’ ಅಚ್ಚಾದದ್ದು 1845ರ ಜನವರಿಯಲ್ಲಿ. ಮರುವರ್ಷ ಒಂದು ಪ್ರಬಂಧ ಬರೆದು, ಆ ಪದ್ಯವನ್ನು ಲೆಕ್ಕ ಬಿಡಿಸಿದ ಹಾಗೆ ಬರೆದೆ ಅಂದ. ಉದ್ದ ಸುಮಾರು ನೂರು ಸಾಲು ಸಾಕು ಅಂದುಕೊಂಡನಂತೆ, 108 ಆಯಿತು. ಒಂದೇ ಪದವನ್ನು ಮತ್ತೆ ಮತ್ತೆ ಹೇಳಲು ಮಾತಾಡುವ ಪ್ರಾಣಿ ಬೇಕಿತ್ತು. ಮೊದಲು ಹೊಳೆದದ್ದು ಯಾವುದು ಗೊತ್ತೇ? ಗಿಳಿ! ದುಃಖದ ಪದ್ಯಕ್ಕೆ ಗಿಳಿ ಸರಿಹೋಗದು ಅಂತ ಬಿಟ್ಟನಂತೆ. ನಾನು ಬಿಡಲಿಲ್ಲ. ನನ್ನ ಆಟದಲ್ಲಿ ಗಿಳಿ ಒತ್ತಿದರೆ ಅದು ಕವಿಯ ಭವಿಷ್ಯದ ಕಾರ್ಡು ಎತ್ತಿ ದಕ್ಷಿಣೆ ಕೇಳುತ್ತದೆ.

ಆದರೆ ಆ ಪ್ರಬಂಧವನ್ನು ಈ ಸಲ ಓದುವಾಗ ನಗು ಪೂರ್ತಿ ಬರಲಿಲ್ಲ. ಪೋನ ಹೆಂಡತಿ ವರ್ಜೀನಿಯಾಗೆ 1842ರಿಂದ ಕ್ಷಯ. 1847ರ ಜನವರಿಯಲ್ಲಿ ತೀರಿಕೊಂಡಳು. ಅಂದರೆ, ಸುಂದರಿಯ ಸಾವೇ ಕವಿತೆಗೆ ಎಲ್ಲಕ್ಕಿಂತ ತಕ್ಕ ವಸ್ತು ಅಂತ ಇವನು ತಣ್ಣಗೆ ತರ್ಕ ಮಾಡುವಾಗ ಆಕೆ ಮನೆಯಲ್ಲೇ ಕೆಮ್ಮುತ್ತಿದ್ದಳು. ಆ ಲೆಕ್ಕಾಚಾರವನ್ನು ಬಹಳ ಜನ ನಂಬುವುದಿಲ್ಲ. ನಾನೂ ನಂಬುವುದಿಲ್ಲ. ಆದರೆ ಹಾಗೆ ಯಾಕೆ ಬರೆದ ಅನ್ನುವುದು ನನಗೆ ಅರ್ಥವಾಗುತ್ತದೆ. ಅಪ್ಪನ ಸುದ್ದಿಗೆ ಒಂಬತ್ತು ನಿಮಿಷ ತಗೊಂಡವನು ನಾನು.

ಆಟ ಮುಗಿಸಿ ತಂಗಿಗೆ ವಾಟ್ಸ್ಆ್ಯಪ್‌ನಲ್ಲಿ ಕಳಿಸಿದೆ. ಪದ್ಯ ಕೇಳಿದವಳಿಗೆ ಆಟ! ಬೈಗುಳಕ್ಕೆ ಕಾದೆ. ಅರ್ಧ ಗಂಟೆ ಬಿಟ್ಟು ಫೋನ್ ಬಂತು. ಗಿಳಿಗೆ ನಕ್ಕಿದ್ದಳು. ಲಾರಿಗೆ ಇನ್ನೂ ಜೋರಾಗಿ ನಕ್ಕಿದ್ದಳು.

"ಅದಿರಲಿ, ಮೋಂಬತ್ತಿ ಆರಿದ ಮೇಲೆ ಅವನು ಒಂದು ಟಾರ್ಚ್ ತಗೋತಾನಲ್ಲ. ಆ ಕಾಲದಲ್ಲಿ ಟಾರ್ಚ್ ಎಲ್ಲಿತ್ತು?"

"ತಮಾಷೆಗೆ ಹಾಕಿದ್ದು," ಅಂದೆ.

"ತಳಕ್ಕೆ ಎರಡು ಸಲ ತಟ್ಟಿದ್ರೆ ಮಾತ್ರ ಹತ್ತುತ್ತೆ ಅಂತ ಬರ್ದಿದೀಯ."

ನಾನು ಸುಮ್ಮನಾದೆ. ರಾತ್ರಿ ತ್ರೀ ಫೇಸ್ ಕರೆಂಟ್ ಬಂದಾಗ ಮೋಟಾರ್ ಹಾಕಲು ಹೊಲಕ್ಕೆ ಹೊರಡುತ್ತಿದ್ದ ಅಪ್ಪ ಬಾಗಿಲಲ್ಲಿ ನಿಂತು ತಟ್ಟುತ್ತಿದ್ದ ಸದ್ದು ಅದು. ಬರೆಯುವಾಗ, ದೇವರಾಣೆ, ನನ್ನ ಗಮನಕ್ಕೆ ಬಂದಿರಲಿಲ್ಲ. ಅವಳೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಕಾರ್ಡಿಗೆ ಕಡೆಗೆ ಪ್ರಿಂಟಿಂಗ್ ಪ್ರೆಸ್ಸಿನವರ ಹತ್ತಿರ ಇದ್ದ ರೆಡಿಮೇಡ್ ಸಾಲುಗಳೇ ಹೋದವು. ಇನಿಷಿಯಲ್ ಮಾತ್ರ ನಾನೇ ಎರಡು ಸಲ ನೋಡಿ ಕೊಟ್ಟೆ. ಆಟದಲ್ಲಿ ಕವಿ ಇನ್ನೂ ಮೂರನೇ ಸಾಲಿನಲ್ಲೇ ಇದ್ದಾನೆ. ಟಾರ್ಚ್ ತೆಗೆಯಬೇಡ ಅಂತ ತಂಗಿ ಹೇಳಿದ್ದಾಳೆ.